ಬೀಗರಿಗೆ ಕೋಟೆ ತೋರಿಸಿದ್ದು

"ಬಾದಾಮಿ ಕಡೆಯವರಿಗೆ ಕೋಟೆ ತೋರಿಸ್ತೀರಾ? ಅಲ್ಲಿ ಬೆಟ್ಟಕ್ಕೆ ಬೆಟ್ಟವೇ ಕೊರೆದು ಇಟ್ಟವ್ರೆ!" ಎಂದಳು ಅನುಸೂಯಮ್ಮ.

"ಇಟ್ಕೊಳ್ಳಲಿ! ನಮ್ಮ ದೇವನಹಳ್ಳಿ ಕೋಟೆ ನೋಡಿ ಅವರು ಮೂಗಿನ ಮೇಲೆ ಬೆರಳಿಡದಿದ್ರೆ ನಾನು ಬೈಲಪ್ಪನೇ ಅಲ್ಲ!" ಎಂದು ಗಂಡ ವ್ಯಾನಿನ ಕೀಲಿ ಎತ್ತಿಕೊಂಡ.

ಮಗಳು ರೂಪ ಮೆಚ್ಚಿದ ಹುಡುಗನ ಅಪ್ಪ ಸಂಗಪ್ಪ, ಅವ್ವ ಗೌರವ್ವ ಮದುವೆ ಮಾತಿಗೆಂದು ದೊಡ್ಡಬಳ್ಳಾಪುರಕ್ಕೆ ಬಂದಿದ್ದರು. ತಿಂಡಿ ತಿನ್ನುತ್ತಾ ಸಂಗಪ್ಪ, "ನಿಮ್ಮ ಕಡೆ ಬರೇ ಫ್ಯಾಕ್ಟರಿ, ಲಾರಿ. ನೋಡೂವಂಥಾದ್ದು ಏನೂ ಇಲ್ಲೇನ್ರಿ?" ಅಂದುಬಿಟ್ಟಿದ್ದರು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲೇ ಮೂವತ್ತು ವರ್ಷ ಸವೆಸಿದ ಬೈಲಪ್ಪನಿಗೆ ಅದು ಎದೆಗೇ ನಾಟಿತು. ಮದುವೆ ಮಾತು ಸಂಜೆಗಿರಲಿ, ಮೊದಲು ಜಿಲ್ಲೆಯ ಮಾನ ಉಳಿಯಬೇಕು!

ಮುಂದೆ ಲಾರಿಗಳ ಸಾಲು ಕಂಡದ್ದೇ ವ್ಯಾನು ಮಣ್ಣುದಾರಿಗೆ ಇಳಿಯಿತು.

"ರೀ, ಯಾರನ್ನಾದ್ರೂ ದಾರಿ ಕೇಳ್ಬಾರ್ದಾ?"

"ನಾನು ದಾರಿ ಕೇಳೋದಾ? ಸೈಕಲ್ ತುಳ್ಕೊಂಡು ಓಡಾಡಿದ ದಾರಿ ಕಣೇ ಇದು!"

ಆ ದಾರಿಗೆ ಅಡ್ಡಲಾಗಿ ಈಗ ಅರಮನೆಯಂಥ ಗೇಟು! ಕಾವಲಿನವನು ಸೆಲ್ಯೂಟ್ ಹೊಡೆದು ತೆರೆದ. "ನೋಡ್ದಾ ಮರ್ಯಾದೆ!" ಎಂದು ಬೈಲಪ್ಪ ಮೀಸೆ ತಿರುವುವಷ್ಟರಲ್ಲಿ ಟೈ ಕಟ್ಟಿದ ಅಂಜನ್ ಎಂಬ ಸೇಲ್ಸ್‌ನವನು ಛತ್ರಿ ಹಿಡಿದು ಓಡಿಬಂದ.

"ವೆಲ್ಕಮ್ ಸರ್! ಸೈಟ್ ನೋಡೋಕೆ ಬಂದಿದ್ದೀರಲ್ವಾ? ಥರ್ಟಿ ಫಾರ್ಟಿನಾ, ಫಾರ್ಟಿ ಸಿಕ್ಸ್ಟಿನಾ?"

ಬೀಗರ ಮುಂದೆ ದಾರಿ ತಪ್ಪಿದೆ ಅನ್ನುವುದೇ? ಪ್ರಾಣ ಹೋದರೂ ಇಲ್ಲ!

"ಹೂಂ, ಎಲ್ಲಾ ತೋರ್ಸಪ್ಪಾ," ಎಂದ ಬೈಲಪ್ಪ ಗಂಭೀರವಾಗಿ.

ಬ್ಯಾಟರಿ ಗಾಡಿಯ ಸವಾರಿ, ಲೋಟ ಲೋಟ ಮಜ್ಜಿಗೆ, ಸಿಮೆಂಟಿನ ಬಂಡೆಯಿಂದ ಸ್ವಿಚ್ ಒತ್ತಿದರೆ ಧುಮುಕುವ ಜಲಪಾತ! ಗೌರವ್ವ ಸಿಮೆಂಟ್ ಜಿಂಕೆಯ ಕೊರಳು ತಬ್ಬಿ ಫೋಟೊ ತೆಗೆಸಿಕೊಂಡರು. "ಸೈಟ್ ಸೀಯಿಂಗ್ ಅಂದ್ರ ಖರೇನ ಸೈಟ್ ತೋರಸ್ತೀರಲ್ರೀ ಬೀಗರ!" ಎಂದು ಸಂಗಪ್ಪ ಹಿಗ್ಗಿದರು. ಬೈಲಪ್ಪ ಹಲ್ಲು ಕಚ್ಚಿಕೊಂಡು ನಕ್ಕ. ಅನುಸೂಯಮ್ಮ ಮೆಲ್ಲಗೆ ಅಂಜನ್‌ನನ್ನು ಕರೆದು ದೇವನಹಳ್ಳಿ ದಾರಿ ಕೇಳಿಕೊಂಡಳು.

ಅಂತೂ ಮೂರು ಗಂಟೆಗೆ ಕೋಟೆ ಸಿಕ್ಕಿತು. ಸಂಗಪ್ಪ ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಮೇಲೆ ಒಂದು ಸುತ್ತು ಬಂದರು.

"ಚಲೋ ಐತ್ರಿ. ಆದ್ರ ಆ ಜಿಂಕಿ ಇದ್ದ ಜಾಗ ಇನ್ನೂ ಚಲೋ ಇತ್ತು."

"ಆ ಜಿಂಕೆ ಸಿಮೆಂಟಿಂದು ಬೀಗ್ರೇ! ಇದು ಅಸಲಿ ಕಲ್ಲು!" ಬೈಲಪ್ಪ ಗೋಡೆಗೆ ಪಟಪಟನೆ ಬಡಿದ. "ಅನುಸೂಯಾ, ಈ ಕೋಟೆ ಎಂಥಾದ್ದು ಅಂತ ನೀನಾದ್ರೂ ಹೇಳೇ!"

"ನಾನೇನು ಹೇಳ್ಲಿ? ಈಗ ತಾನೇ ನೋಡ್ತಾ ಇದ್ದೀನಿ. ಮದ್ವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ಬೀಗ್ರು ಬಂದ್ರು, ನಂಗೂ ಕೋಟೆ ಕಾಣಿಸ್ತು!"

ಬೈಲಪ್ಪನ ಕೈ ಗೋಡೆಯ ಮೇಲೇ ಉಳಿಯಿತು. ಸಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀವೇನ್ ನಗತೀರಿ?" ಗೌರವ್ವ ಗಂಡನತ್ತ ತಿರುಗಿದರು. "ಬಾದಾಮಿ ನಮ್ಮ ಹಳ್ಳಿಯಿಂದ ಎಂಟ ಕಿಲೋಮೀಟರ್. ಆ ಗುಹಾ ನಾ ಇನ್ನೂ ನೋಡಿಲ್ಲ!"

ಸಂಗಪ್ಪ ಹೊಟ್ಟೆಯಿಂದ ಕೈ ತೆಗೆದು ಮತ್ತೆ ಹಿಂದೆ ಕಟ್ಟಿಕೊಂಡರು.

"ಮುಂದಿನ ತಿಂಗ್ಳು ನಾನೇ ಬರ್ತೀನಿ ಬಿಡಿ, ಇಬ್ರೂ ನೋಡ್ಕೊಂಡ್ ಬರೋಣ," ಎಂದಳು ಅನುಸೂಯಮ್ಮ. ಗೌರವ್ವ ಅವಳ ಕೈ ಹಿಡಿದುಕೊಂಡರು. ಮದುವೆಯ ಮಾತು ಇನ್ನೂ ಶುರುವೇ ಆಗಿರಲಿಲ್ಲ. ಬೀಗಿತ್ತಿಯರು ಆಗಲೇ ಒಂದಾಗಿದ್ದರು!

ಬೈಲಪ್ಪ ಮಾತ್ರ ಸೋಲುವ ಆಸಾಮಿಯೇ? ಎದೆ ಉಬ್ಬಿಸಿ ನಿಂತ.

"ಅದಕ್ಕೇನಂತೆ! ವ್ಯಾನು ನಾನೇ ಓಡಿಸ್ತೀನಿ!"

"ಬೇಡ!" "ಬ್ಯಾಡ್ರಿ!" ಬೀಗಿತ್ತಿಯರಿಬ್ಬರ ಮಾತೂ ಒಂದೇ ಉಸಿರಿಗೆ ಬಂತು.