ತೆಂಗಿನ ಚಿಪ್ಪಿನ ತಪಾಸಣೆ

ಸ್ಯಾನಿಟರಿ ಇನ್ಸ್‌ಪೆಕ್ಟರ್ ಶಿವಯೋಗಪ್ಪನವರಿಗೆ ಆ ಉಪಾಯ ಹೊಳೆದದ್ದು, ಹೆಂಡತಿ ಬಸಲಿಂಗಮ್ಮ ಕಾಯಿ ತುರಿದು ಚಿಪ್ಪನ್ನು ಬದಿಗಿಟ್ಟ ಗಳಿಗೆಯಲ್ಲಿ.

ಎಮರ್ಜೆನ್ಸಿಯ ಕಾಲ. ಕೊಟ್ಟೂರಿನಾಚೆಯ ಆ ಪುಟ್ಟ ಪಟ್ಟಣದಲ್ಲೂ ಮೇಲಿನವರು ಎಲ್ಲದಕ್ಕೂ ‘ಸಾಧನೆ ಎಷ್ಟು?’ ಎಂದು ಕೇಳತೊಡಗಿದ್ದರು. ಕಸಗುಡಿಸುವವರ ಸಾಧನೆಯನ್ನು ಅಳೆಯುವುದು ಹೇಗೆ? ಸಂಜೆ ಪ್ರತಿ ಓಣಿಯ ಮೂಲೆಗೆ ಒಂದು ಚಿಪ್ಪು ಇಡುವುದು. ಬೆಳಿಗ್ಗೆ ಅದು ಇಲ್ಲದಿದ್ದರೆ ಗುಡಿಸಿದ್ದಾರೆ, ಇದ್ದರೆ ಇಲ್ಲ. ಗುರುತಿಗಿರಲೆಂದು, ಗೋಡೆಗಳ ಮೇಲೆ ಕುಟುಂಬ ಯೋಜನೆಯ ತ್ರಿಕೋನ ಬರೆದು ಉಳಿದಿದ್ದ ಕೆಂಪು ಬಣ್ಣವನ್ನೂ ಬಳಿದರು. (ಹೆಂಡತಿಗೆ ಹೇಳಲಿಲ್ಲ. ಸರ್ಕಾರಿ ಗುಟ್ಟು.)

ಬೆಳಿಗ್ಗೆ ಸೈಕಲ್ಲಿನಲ್ಲಿ ಹೊರಟರೆ, ಚಿಪ್ಪುಗಳೆಲ್ಲ ಇಟ್ಟಲ್ಲೇ ಕೂತಿದ್ದವು. ಸುತ್ತಲಿನ ನೆಲ ಕನ್ನಡಿಯಂತಿತ್ತು. ಆದರೆ ಅವರು ನೋಡಬೇಕಾದದ್ದು ಚಿಪ್ಪನ್ನು, ನೆಲವನ್ನಲ್ಲ. ಕಸಗುಡಿಸುವ ಗಿಡ್ಡಮ್ಮನನ್ನು ಕರೆದರು.

“ಓಣಿ ಗುಡಿಸೀನಿ ನೋಡ್ರಿ, ಸಾಹೇಬ್ರ.”

“ಓಣಿ ಮಾತು ಬ್ಯಾಡ. ಆ ಮೂಲ್ಯಾಗಿಂದು?”

“ಅದನ್ನ ಮುಟ್ಟಂಗಿಲ್ರಿ. ನಾ ಮಕ್ಕಳು ಮರಿ ಇದ್ದಾಕಿ.”

ಮಕ್ಕಳಿದ್ದವರು ಕಸ ಎತ್ತಬಾರದೆಂಬ ನಿಯಮ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಶಿವಯೋಗಪ್ಪನವರು ನೋಟಿಸ್ ಕೊಟ್ಟು, ಸಾಧನೆಯ ತೃಪ್ತಿಯಲ್ಲಿ ಊಟಕ್ಕೆ ಮನೆಗೆ ಬಂದರು.

ಮನೆಯೆದುರು ಯುದ್ಧ ನಡೆದಿತ್ತು. ಬಸಲಿಂಗಮ್ಮ ಕಟ್ಟೆ ಮೇಲೆ, ಪಕ್ಕದ ಮನೆಯ ಮರುಳಸಿದ್ದಮ್ಮ ಬೀದಿಯಲ್ಲಿ.

“ಚಿಪ್ಪಿಗೆ ಕೆಂಪು ಹಚ್ಚಿ ನಮ್ಮ ಮನಿ ಮೂಲ್ಯಾಗ ಇಟ್ಟೀಯಲ್ಲ! ನಳದ ಹತ್ರ ನಿನ್ನ ಕೊಡ ಸರಿಸಿದ್ದಕ್ಕ ಮಾಟ ಮಾಡ್ಸೂದೇನ?” ಎಂದು ಬಸಲಿಂಗಮ್ಮ ಕೂಗುತ್ತಿದ್ದಳು.

“ನಾ ಮಾಡ್ಸಿದ್ರ ನನ್ನ ಬಾಯಾಗ ಹುಳ ಬೀಳ್ಲಿ! ನಿನ್ನ ಬಾಣಂತನ ಮಾಡಿದ ಕೈಯವ್ವಾ ಇವು!”

“ಅದಕ್ಕ ಮತ್ತ, ಹೊಟ್ಟಿ ಒಳಗಿನ ಗುಟ್ಟೆಲ್ಲಾ ನಿನಗ ಗೊತ್ತೈತಿ!”

ಮರುಳಸಿದ್ದಮ್ಮನ ಕಣ್ಣು ತುಂಬಿ ಬಂತು. “ಆತು. ನಾಳಿ ಒದ್ದಿ ಸೀರಿಯಾಗ ಗುಡಿಗೆ ಹೋಗಿ, ಮಂದಿ ಮುಂದ ಕರ್ಪೂರ ಮುಟ್ಟಿ ಆಣಿ ಮಾಡ್ತೀನಿ.”

ಶಿವಯೋಗಪ್ಪನವರು ಆಗಲೇ ಬಾಯಿ ತೆರೆಯಬೇಕಿತ್ತು. ಕಾಲು ತೊಳೆದುಕೊಂಡು ಒಳಗೆ ಹೋದರು.

ದಿನಾ ಆ ಮನೆಯಿಂದ ಬರುತ್ತಿದ್ದ ಮಜ್ಜಿಗೆ ಅಂದು ಬರಲಿಲ್ಲ. ಬಸಲಿಂಗಮ್ಮ ರೊಟ್ಟಿ ಮುರಿದು, ಹಾಗೇ ತಟ್ಟೆಯಲ್ಲಿ ಬಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡಳು. ಇನ್ಸ್‌ಪೆಕ್ಟರರೂ ಅರ್ಧಕ್ಕೇ ಕೈ ತೊಳೆದರು.

ಮರುದಿನ ಬೆಳಿಗ್ಗೆ ಮರುಳಸಿದ್ದಮ್ಮ ನೀರು ಸೋರುವ ಸೀರೆಯಲ್ಲೇ ಹೊರಟಳು. ಹಿಂದೆ ಅರ್ಧ ಓಣಿ. ಶಿವಯೋಗಪ್ಪನವರು ಬನಿಯನ್ನಿನಲ್ಲೇ ಓಡಿ ಬಂದು ದಾರಿಗೆ ಅಡ್ಡ ನಿಂತರು.

“ಅಕ್ಕಾರ, ಹೋಗಬ್ಯಾಡ್ರಿ. ಅವು ನಾ ಇಟ್ಟಿದ್ದು.”

“ಏನು?” ಎಂದಳು ಬಸಲಿಂಗಮ್ಮ ಬಾಗಿಲಿನಿಂದ.

“ಚಿಪ್ಪು. ಆಫೀಸಿನವು.”

“ಆಫೀಸಿನ್ಯಾಗ ಮಾಟನೂ ಮಾಡ್ತೀರೇನ್ರಿ?”

“ಮಾಟ ಅಲ್ಲಲೇ, ತಪಾಸಣಿ!”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮನೆಯಿಂದ ಮನೆಗೆ ಹರಡಿತು. ಹೆಂಗಸರಲ್ಲಿ ನಗದೆ ಇದ್ದವರು ಇಬ್ಬರೇ. ಬಸಲಿಂಗಮ್ಮ ಇಳಿದು ಬಂದು ಗೆಳತಿಯ ತಣ್ಣನೆಯ ಕೈ ಹಿಡಿದಳು. “ನನ್ನ ನಾಲಿಗಿ ಸುಡ್ಲಿ, ಸಿದ್ದಕ್ಕ,” ಎಂದಳು. ಮರುಳಸಿದ್ದಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

ಬಸಲಿಂಗಮ್ಮ ಒಳಗಿನಿಂದ ಬುಟ್ಟಿ ತಂದು ಗಂಡನ ಕೈಗೆ ಕೊಟ್ಟಳು. “ಒಂದೂ ಬಿಡಬ್ಯಾಡ್ರಿ. ಎಲ್ಲಾ ಆರಿಸ್ಕೊಂಡು ಬರ್ರಿ.”

ಇನ್ಸ್‌ಪೆಕ್ಟರರು ತಲೆ ತಗ್ಗಿಸಿ, ಮೂಲೆ ಮೂಲೆಗೆ ಬಗ್ಗಿ ಚಿಪ್ಪು ಎತ್ತುತ್ತ ನಡೆದರು. ಹಿಂದೆಯೇ ಪೊರಕೆ ಹಿಡಿದ ಗಿಡ್ಡಮ್ಮ.

“ಸಾಹೇಬ್ರ, ಗಟಾರದ ಅಂಚಿಗೆ ಒಂದು ಉಳೀತು ನೋಡ್ರಿ.”

ಎತ್ತಿದರು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮಗ ನೋಟಿಸ್ ನೀವು ಕೊಡ್ತೀರಿ. ನಿಮಗ ಯಾರು ಕೊಡ್ತಾರ್ರೀ?”

ಶಿವಯೋಗಪ್ಪನವರು ಮುಂದಿನ ಚಿಪ್ಪಿಗೆ ಬಗ್ಗಿದಾಗ, ಹಿಂದಿನಿಂದ ಬಸಲಿಂಗಮ್ಮನ ದನಿ ಕೇಳಿಸಿತು:

“ಮನೀಗೆ ಬರ್ಲಿ ತಡಿ, ಗಿಡ್ಡವ್ವ. ಕೊಡೋದೈತಿ.”