ನೀಲಿ ದಾರದ ಟೊಮೆಟೊ

ಮೂವತ್ತು ವರ್ಷ ಊರವರ ತೋಟಗಳ ಬಗ್ಗೆ ಪತ್ರಿಕೆಗೆ ಬರೆದವನು ನಾನು. ನಮ್ಮ ಬೀದಿಯ ಸಾಮೂಹಿಕ ತೋಟವನ್ನು ಒಂದೇ ವಾರದಲ್ಲಿ ದಾರಿಗೆ ತರುತ್ತೇನೆಂದು ಮನೆಯಲ್ಲಿ ಘೋಷಿಸಿದೆ.

"ಮೊದಲು ಈ ಕಸದ ಬಕೆಟ್ಟು ಗೊಬ್ಬರದ ಗುಂಡಿಯ ದಾರಿ ಹಿಡೀಲಿ," ಎಂದಳು ಹೆಂಡತಿ.

ಸೋಮವಾರ ನೀರು ಹಾಕುವ ಸರದಿ ನನ್ನದು. ಸರದಿಯವರಿಗೆ ಒಂದು ಹಣ್ಣು, ಇದು ತೋಟದ ನಿಯಮ. ಮೂಲೆಯ ಗಿಡದಲ್ಲಿ ಒಂದೇ ಒಂದು ಟೊಮೆಟೊ. ಮುಷ್ಟಿಗಾತ್ರ, ತೊಟ್ಟಿಗೆ ನೀಲಿ ದಾರ. ಅನುಭವಿ ಕಣ್ಣಲ್ಲವೇ! ಕೀಳಲು ಸಿದ್ಧವೆಂಬ ಗುರುತು ಎಂದು ತಕ್ಷಣ ಹೊಳೆಯಿತು. ಕಿತ್ತೆ. ದಾರವನ್ನು ನೋಟ್‌ಬುಕ್ಕಿನ ಪುಟದ ಗುರುತಿಗೆ ಇಟ್ಟುಕೊಂಡೆ.

ಹೆಂಡತಿ ಬೀಜ ತೆಗೆದು ಬಕೆಟ್ಟಿಗೆ ಹಾಕಿ, ಹಣ್ಣು ಹೆಚ್ಚಿ ಉಪ್ಪು ಉದುರಿಸಿದಳು. ತಿಂದೆವು. ಬಕೆಟ್ಟನ್ನೂ ಗುಂಡಿಗೆ ಸುರಿದು ಬಂದೆ. ಒಂದೇ ದಿನ ಎರಡು ಕರ್ತವ್ಯ!

ಮರುದಿನ ತೋಟದಲ್ಲಿ ನಮ್ಮ ಬೀದಿಯ ಟೈಲರಮ್ಮ ಬೋಳು ತೊಟ್ಟು ಹಿಡಿದು ನಿಂತಿದ್ದರು. "ನಮ್ಮಮ್ಮ ಕೊಟ್ಟ ತಳಿ ಸಾರ್. ರೋಗ ಬಂದು ಒಂದೇ ಗಿಡ ಉಳಿದಿತ್ತು. ಬೀಜಕ್ಕೆ ಅಂತ ಒಂದೇ ಹಣ್ಣು ಬಿಟ್ಟಿದ್ದೆ. ಪೂರ್ತಿ ಬಲಿಯೋವರೆಗೂ ಯಾರೂ ಮುಟ್ಟಬಾರದು ಅಂತ ದಾರಾನೂ ಕಟ್ಟಿದ್ದೆ!"

"ಕಳ್ಳನನ್ನ ಬಿಡಬಾರದಮ್ಮ, ವಿವರ ಹೇಳಿ," ಎಂದು ಗಂಭೀರವಾಗಿ ನೋಟ್‌ಬುಕ್ ತೆರೆದೆ. ನೀಲಿ ದಾರ ಜಾರಿ ಅವರ ಚಪ್ಪಲಿಯ ಮೇಲೆ ಬಿತ್ತು.

ಅವರು ಬೈಯಲಿಲ್ಲ. ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದರು: "ರುಚಿ ಹೇಗಿತ್ತು?"

"ಚೆನ್ನಾಗಿತ್ತು," ಎಂದೆ. ಬೈದಿದ್ದರೇ ವಾಸಿಯಿತ್ತು.

"ಬೀಜ ಬಕೆಟ್ಟಲ್ಲಿತ್ತಲ್ರೀ!" ಎಂದು ಹೆಂಡತಿ ನೆನಪಿಸಿದ ಮೇಲೆ ಗುಂಡಿಗೆ ಮೊಣಕೈವರೆಗೆ ಕೈ ಹಾಕಿ ತಡಕಿದೆ. ಸಿಕ್ಕಿದ್ದು ಕಳೆದ ತಿಂಗಳು ಕಳೆದುಹೋಗಿದ್ದ ನನ್ನ ಪೆನ್ನು.

ಮೂರು ವಾರದ ನಂತರ ಗುಂಡಿಯ ತುಂಬ ಹಸಿರು! ಟೈಲರಮ್ಮ ಮಂಡಿಯೂರಿ ಒಂದೊಂದೇ ಎಲೆ ತಿರುಗಿಸಿ ನೋಡಿದರು. "ಅಗಲ ಎಲೆ, ಅಂಚಲ್ಲಿ ಹಲ್ಲಿಲ್ಲ. ನಮ್ಮದೇ ಸಾರ್, ನಮ್ಮಮ್ಮನದೇ!" ಅವರ ಕಣ್ಣು ಒದ್ದೆಯಾಗಿತ್ತು. ಪ್ರತಿ ಮನೆಗೂ ಎರಡೆರಡು ಸಸಿ ಹಂಚುವಷ್ಟಿತ್ತು.

"ನೋಡಿದ್ರಾ ನನ್ನ ಕೈಗುಣ!" ಎಂದೆ.

"ಹೋದ ವರ್ಷ ನೀವು ನೆಟ್ಟ ಆರು ಸಸೀನೂ ಒಣಗಿಸಿದ್ರಿ," ಎಂದಳು ಹೆಂಡತಿ. "ಎಸೆದಿದ್ದು ಮಾತ್ರ ಚಿಗುರಿದೆ."

ಟೈಲರಮ್ಮ ಅದೇ ನೀಲಿ ದಾರವನ್ನು ತಂದು ನನ್ನ ಅಂಗಿಯ ಗುಂಡಿಗೆ ಕಟ್ಟಿದರು.

"ಇದ್ಯಾಕಮ್ಮ?"

"ಪೂರ್ತಿ ಬಲಿಯಲಿ ಅಂತ ಸಾರ್."

ನನಗೆ ಆಗಲೇ ಐವತ್ತೆಂಟು ಎಂದು ಹೇಳುವ ಧೈರ್ಯವಾಗಲಿಲ್ಲ.