ಬಾದಶಾನಿಗೊಂದು ಹಾಸಿಗೆ

ದನದ ದವಾಖಾನೆಯಲ್ಲಿ ನೌಕರಿ ಮಾಡುವವರಿಗೆ ಪ್ರಾಣಿಗಳ ವಿಷಯದಲ್ಲಿ ಮರ್ಯಾದೆ ಉಳಿಯುವುದಿಲ್ಲ ಎಂಬುದು ನನ್ನ ಹದಿನಾರು ವರ್ಷದ ಅನುಭವ. ಊರವರ ಎಮ್ಮೆ ಈಯಿಸಿ ಬಂದು ಕೈ ತೊಳೆಯುವಷ್ಟರಲ್ಲಿ ನಮ್ಮ ಮನೆಯಲ್ಲೇ ಏನಾದರೊಂದು ಕಾದು ಕುಳಿತಿರುತ್ತದೆ.

ನಾನು ದೇವದುರ್ಗದಲ್ಲಿ ಜಾನುವಾರು ಪರಿವೀಕ್ಷಕಿ. ಅಂದರೆ ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವಳು. ಈ ವ್ಯತ್ಯಾಸ ಎಮ್ಮೆಗಳಿಗೂ ಗೊತ್ತಿಲ್ಲ, ಎಮ್ಮೆ ಹಿಡಿದುಕೊಂಡು ಬರುವವರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ಡಾಕ್ಟರಮ್ಮ. ಏಳನೇ ತರಗತಿಯ ನನ್ನ ಮಗಳಿಗಂತೂ ಅಮ್ಮ ಮುಟ್ಟಿದರೆ ಎಂಥ ಪ್ರಾಣಿಯೂ ಎದ್ದು ಓಡುತ್ತದೆ ಎಂಬ ನಂಬಿಕೆ. ಅದು ಸುಳ್ಳು ಎಂದು ಹೇಳುವ ಧೈರ್ಯ ನನಗೆ ಬಂದಿಲ್ಲ. ರಾಯಚೂರಿನ ನಮ್ಮ ಮನೆಯಲ್ಲಿ ನನ್ನನ್ನು ನಂಬುವವಳು ಅವಳೊಬ್ಬಳೇ.

ಅಂಥದರಲ್ಲಿ ನನ್ನ ತಮ್ಮ ಹೈದರಾಬಾದಿನಿಂದ ಬರುವಾಗ ಅವಳಿಗೊಂದು ಹ್ಯಾಮ್‌ಸ್ಟರ್ ತಂದುಕೊಟ್ಟ. ಇಲಿಯ ಜಾತಿ, ಅಂಗೈ ಗಾತ್ರ, ಬಾಲ ಇದ್ದೂ ಇಲ್ಲದ ಹಾಗೆ. ಕೂದಲು ಮಾತ್ರ ನೆಲ ಗುಡಿಸುವಷ್ಟು ಉದ್ದ. ಮಗಳು ಬಾದಶಾ ಎಂದು ಹೆಸರಿಟ್ಟಳು. ನಮ್ಮತ್ತೆ ಹೆಗ್ಗಣ ಎಂದರು. ಇದರ ಪೆಟ್ಟಿಗೆಯಲ್ಲಿ ಏನು ಹಾಸಬೇಕೋ ಎಂದು ಕೇಳಿದರೆ ನನ್ನ ತಮ್ಮ, "ನೀನ ಡಾಕ್ಟರ್ ಇದ್ದೀಯಲ್ಲಕ್ಕಾ" ಎಂದು ಬಸ್ಸು ಹತ್ತಿದ.

ನಾಲ್ಕು ಬೆರಳಿನ ಗಾದಿ

ಹಾಸಿಗೆ ಎಂದರೆ ನಮಗೆ ಮೊದಲು ನೆನಪಾಗುವುದು ಹತ್ತಿ. ಮಗಳನ್ನು ಕರೆದುಕೊಂಡು ಗಾದಿ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಟೇಪು ಕೊರಳಿಗೆ ಹಾಕಿಕೊಂಡು ಎದ್ದರು.

"ಬರ್ರಿ ಮೇಡಂ. ಸಿಂಗಲ್ಲೋ, ಡಬಲ್ಲೋ?"

"ಸಿಂಗಲ್."

"ಉದ್ದ ಎಷ್ಟು ಇಡ್ಲಿ?"

ಮಗಳು ನಾಲ್ಕು ಬೆರಳು ತೋರಿಸಿದಳು. ಚಾಚಾ, "ನಾಲ್ಕು ಫೂಟ್. ಸಣ್ಣ ಹುಡುಗ್ರಿಗೇನ್ರಿ?" ಎಂದರು.

"ಅಲ್ಲ ಚಾಚಾ, ನಾಲ್ಕು ಬೆರಳು."

ಚಾಚಾ ಟೇಪನ್ನು ಕೊರಳಿಂದ ತೆಗೆದು ಕೆಳಗಿಟ್ಟರು. ವಿಷಯ ಪೂರ್ತಿ ಕೇಳಿಕೊಂಡು, ಬಡಿದ ಹತ್ತಿಯ ಒಂದು ಹಿಡಿ ಪೊಟ್ಟಣ ಕಟ್ಟಿ, "ತಗೊಂಡು ಹೋಗ್ರಿ. ಏ-ಒನ್ ಮಾಲ್. ಬಾದಶಾ ಹೆಸರಿಗೆ ಕಮ್ಮಿ ಆಗಬಾರ್ದು" ಎಂದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಬಾದಶಾ ಕಾಣುತ್ತಿಲ್ಲ. ಹತ್ತಿಯ ಉಂಡೆಯೊಂದು ಪೆಟ್ಟಿಗೆಯ ತುಂಬ ಓಡಾಡುತ್ತಿದೆ. ಹತ್ತಿಯ ಎಳೆ ಉದ್ದ ಕೂದಲಿಗೆ ಸುತ್ತಿ, ಹಿಂದಿನ ಕಾಲಿಗೂ ಬಿಗಿದಿತ್ತು. ಎಲ್ಲಿ ಹತ್ತಿ ಮುಗಿಯಿತು, ಎಲ್ಲಿ ಪ್ರಾಣಿ ಶುರುವಾಯಿತು ಎಂದು ತಿಳಿಯದೆ ಸಣ್ಣ ಕತ್ತರಿ ಹಿಡಿದು ಅರ್ಧ ಗಂಟೆ ಬೆವರಿದೆ. ಕಾಲಿಗೆ ರಕ್ತ ಹರಿಯುವುದು ನಿಂತಿದ್ದರೆ ಕಾಲೇ ಹೋಗುತ್ತಿತ್ತು.

ಸಂಜೆ ದಾರಿಯಲ್ಲಿ ಸಿಕ್ಕ ಚಾಚಾಗೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡರು. "ಚಾಲೀಸ್ ವರ್ಷ ಆತು ಮೇಡಂ ಈ ಧಂದೆದಾಗ. ಗಾದಿ ಸಣ್ಣದಾತು ಅಂದವ್ರು ಅದಾರ, ಗಟ್ಟಿ ಆತು ಅಂದವ್ರು ಅದಾರ. ಗಿರಾಕಿನೇ ಗಾದಿ ಒಳಗ ಸೇರಿಕೊಂಡಿದ್ದು ಇದೇ ಪೈಲಾ!"

ಇಲಿಗೆ ಅಂತ ಹೊಟ್ಟು

ಆಮೇಲೆ ನನಗೆ ಹೊಳೆದದ್ದು ಭತ್ತದ ಹೊಟ್ಟು. ಕೋಳಿ ಸಾಕುವವರಿಗೆಲ್ಲ ನಾನೇ ಹೇಳುತ್ತೇನಲ್ಲ, ಕೆಳಗೆ ಹೊಟ್ಟು ಹಾಸಿರಿ, ಒಣಗಿರುತ್ತದೆ ಎಂದು. ಅತ್ತೆಯ ತವರು ಮಾನ್ವಿ ಕಡೆಯ ಹಿರೇಕೊಟ್ನೆಕಲ್. ಅಲ್ಲಿಗೆ ಹೋಗಿ ಬರುವಾಗ ಮಾನ್ವಿಯ ಒಂದು ರೈಸ್ ಮಿಲ್ಲಿಗೆ ಹೊಕ್ಕೆ. ಲೆಕ್ಕ ಬರೆಯುತ್ತಿದ್ದ ಮುನೀಮರು ಕನ್ನಡಕ ಏರಿಸಿ, "ಎಷ್ಟು ಟ್ರ್ಯಾಕ್ಟರ್ ಬೇಕ್ರಿ?" ಎಂದರು.

"ಒಂದು ಕ್ಯಾರಿಬ್ಯಾಗ್ ಸಾಕ್ರಿ."

"ಕೋಳಿ ಫಾರಂಗಲ್ಲೇನ್ರಿ?"

ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಗೆ ಬುದ್ಧಿ ಇಲ್ಲ. "ಅಲ್ರಿ, ಇಲಿಗೆ" ಎಂದುಬಿಟ್ಟೆ.

ಮಿಲ್ಲಿನವರು ವರ್ಷಪೂರ್ತಿ ಬಡಿದಾಡುವುದೇ ಇಲಿಯ ಜೊತೆ. ಮುನೀಮರು ಪೆನ್ನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಲಿ ಹೊಡಿಯಾಕೇನ್ರಿ?"

"ಅಲ್ರಿ, ಅದು ಮಲಗಾಕ."

ಗೋಣಿಚೀಲ ಹೊರುತ್ತಿದ್ದ ಇಬ್ಬರು ಅಲ್ಲೇ ನಿಂತುಬಿಟ್ಟರು. ಮುನೀಮರು ಗೋದಾಮಿನ ಕಡೆ ಕೈ ತೋರಿಸಿ, "ಅಕ್ಕಾರ, ಕೈ ಮುಗಿತೀನಿ. ಇಲಿ ಸಾಕೋ ಹವ್ಯಾಸ ಇದ್ರ ಒಳಗ ಬೇಕಾದಷ್ಟು ಅದಾವ. ಹಾಸಿಗಿ ಸಮೇತ ಎಲ್ಲಾ ಒಯ್ರಿ, ಗಾಡಿ ನಾನ ಮಾಡಿಸಿಕೊಡ್ತೀನಿ" ಎಂದರು.

ಹೊಟ್ಟು ತಂದದ್ದಂತೂ ಆಯಿತು. ಅದರ ಚೂಪು ತುದಿಯೆಲ್ಲ ಕೂದಲಲ್ಲಿ ಸಿಕ್ಕಿ, ಸಂಜೆಯ ಹೊತ್ತಿಗೆ ಬಾದಶಾ ಮುಳ್ಳುಹಂದಿಯಾಗಿದ್ದ. ಅವನನ್ನು ಬಾಚಿದ್ದು ನನ್ನ ಗಂಡನ ಹಲ್ಲುಜ್ಜುವ ಬ್ರಶ್ಶಿನಿಂದ. ಗಂಡನಿಗೆ ಇದು ಈಗಲೂ ಗೊತ್ತಿಲ್ಲ.

ಅರಕೇರಾದ ಸಲಹೆ

ಮರುದಿನ ದವಾಖಾನೆಯಲ್ಲಿ ಕುಳಿತು ಬಾದಶಾನ ಫೋಟೋ ನೋಡುತ್ತಿದ್ದೆ. ಅರಕೇರಾದಿಂದ ಕುರಿಗೆ ಔಷಧ ಒಯ್ಯಲು ಬಂದಿದ್ದ ಮುದುಕರೊಬ್ಬರು ಇಣುಕಿದರು.

"ಏನ್ ಯವ್ವಾ ಅದು, ಟಗರ್ ಮರಿ?"

"ಅಲ್ಲ ಯಪ್ಪಾ, ಇಲಿ ಜಾತಿ. ಕೂದಲ ಉದ್ದ, ಏನ್ ಹಾಸಿದ್ರೂ ಸಿಕ್ಕೊಂತದ."

"ಹಾಸಿಗಿ ಯಾಕ ಬದಲ್ ಮಾಡ್ತಿ? ಕೂದಲ ಕತ್ತರಿಸು. ಉಣ್ಣೆ ಎಷ್ಟ್ ಬೀಳ್ತದ ಒಮ್ಮಿಗೆ?"

"ಒಂದು ಚಿಟಿಕಿ."

"ಹಾಲು?"

"ಇಲ್ಲ."

"ಗೊಬ್ಬರಕ್ಕರ ಆಗ್ತದೇನು?"

"ಅದೂ ಅಷ್ಟಕ್ಕಷ್ಟೇ."

ಮುದುಕರು ತಲೆಯ ರುಮಾಲು ಸರಿಮಾಡಿಕೊಂಡು ನಿಟ್ಟುಸಿರು ಬಿಟ್ಟರು. "ಉಣ್ಣತದ, ಮಲಗತದ, ಕೂದಲ ಬಾಚಿಸಿಕೊಂತದ. ನಮ್ಮ ಮನ್ಯಾಗೂ ಒಂದು ಅದ ಯವ್ವಾ. ಮೂರು ವರ್ಷ ಆತು, ಮಗಳನ್ನ ಕೊಟ್ಟು ತಂದೀವಿ."

ಕೌದಿಯ ಹೊಟ್ಟೆ

ಇಷ್ಟು ದಿನ ಹೆಗ್ಗಣ ಹೆಗ್ಗಣ ಎನ್ನುತ್ತಿದ್ದ ನಮ್ಮತ್ತೆ ಒಂದು ಮಧ್ಯಾಹ್ನ ಸದ್ದಿಲ್ಲದೆ ಹಳೆಯ ಸೀರೆ ಹರಿದು ಕುಳಿತರು. ಹರಕು ಸೀರೆಗಳನ್ನು ಪದರ ಪದರ ಸೇರಿಸಿ ಕೌದಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಸಂಜೆಗೆ ಅಂಗೈಯಗಲದ ಒಂದು ಕೌದಿ ತಯಾರು. ನಾಲ್ಕೂ ಮೂಲೆಗೆ ಬಣ್ಣದ ಬಟ್ಟೆಯ ಮುಕ್ಕೋನಿ ಬೇರೆ. "ಪ್ರಾಣಿ ಅಂದಮ್ಯಾಲ ಅದಕ್ಕೂ ಜೀವ ಇರ್ತದಿಲ್ಲ" ಎಂದು ಮುಖ ಆಚೆ ತಿರುಗಿಸಿ ಪೆಟ್ಟಿಗೆಯಲ್ಲಿ ಹಾಸಿದರು. ನನಗೆ ನಿಜಕ್ಕೂ ಸಂತೋಷವಾಯಿತು.

ಬೆಳಿಗ್ಗೆ ಮಗಳು ಕೂಗಿದ ಕೂಗಿಗೆ ನೆರೆಮನೆಯವರೂ ಬಂದರು. ಬಾದಶಾನ ಮುಖ ಎರಡು ಪಟ್ಟು ಊದಿತ್ತು. ಎರಡೂ ಕೆನ್ನೆ ಹೆಗಲಿನವರೆಗೆ ಉಬ್ಬಿ, ಕಣ್ಣು ಎರಡು ಗೆರೆಯಾಗಿದ್ದವು.

"ಅಮ್ಮಾ, ನೀ ಅದೀಯಲ್ಲ. ಇದನ್ನ ಆರಾಮ್ ಮಾಡು" ಎಂದಳು ಮಗಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಹ್ಯಾಮ್‌ಸ್ಟರ್ ಬಗ್ಗೆ ನಾನು ಓದಿದ ಡಿಪ್ಲೊಮಾದಲ್ಲಿ ಒಂದು ಸಾಲೂ ಇರಲಿಲ್ಲ. ಇದು ಸತ್ತರೆ ಬಾದಶಾನ ಜೊತೆ ಡಾಕ್ಟರಮ್ಮನೂ ಸಾಯುತ್ತಾಳೆ, ಮಗಳ ಕಣ್ಣೆದುರಿಗೇ.

ಬಾದಶಾನನ್ನು ಮೇಜಿನ ಮೇಲಿಟ್ಟು ಕೈಗವಸು ಹಾಕಿಕೊಂಡೆ. ಕೆನ್ನೆ ಒತ್ತಿ ನೋಡಿದೆ. ಒಳಗೆ ಗಟ್ಟಿ, ಕಾಳುಕಾಳಾಗಿ ಕೈಗೆ ಹತ್ತುತ್ತಿದೆ. ಎಮ್ಮೆಯ ಗಂಟಲಲ್ಲಿ ಇಂಥದ್ದು ಕಂಡಿದ್ದೆ. ದವಾಖಾನೆಯ ಚೀಟಿಯ ಪ್ಯಾಡು ತೆಗೆದು ದೊಡ್ಡ ಅಕ್ಷರದಲ್ಲಿ ಬರೆದೆ: ಎರಡೂ ಬದಿ ಗಡ್ಡೆ, ಸ್ಥಿತಿ ಗಂಭೀರ, ಚುಚ್ಚಿ ನೋಡತಕ್ಕದ್ದು. ಸಾಲದೆಂದು ಮತ್ತೆರಡು ಹಾಳೆ ರೋಗಲಕ್ಷಣ ತುಂಬಿಸಿದೆ. ಬರೆಯುವಷ್ಟು ಹೊತ್ತು ಚುಚ್ಚುವುದು ತಪ್ಪುತ್ತದಲ್ಲ!

ಕೊನೆಗೆ ಇದ್ದುದರಲ್ಲೇ ಸಣ್ಣ ಸೂಜಿ ಹಿಡಿದೆ. ಅದೂ ಬಾದಶಾನ ಕಾಲಿನಷ್ಟು ಉದ್ದವಿತ್ತು. ನೆರೆಮನೆಯಾಕೆ ಕಣ್ಣು ಮುಚ್ಚಿಕೊಂಡರು. ಅತ್ತೆ ದೇವರ ಮುಂದೆ ದೀಪ ಹಚ್ಚಲು ಎದ್ದರು.

ಸೂಜಿ ಕಂಡ ಬಾದಶಾ ಮುಂದಿನ ಎರಡೂ ಕಾಲನ್ನು ಕೆನ್ನೆಯ ಹಿಂದಿಟ್ಟು ಒಮ್ಮೆ ಒತ್ತಿದ. ಬಾಯಿಂದ ಟಪ್ಪೆಂದು ಒಂದು ಜೋಳದ ಕಾಳು ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಸಾಲಾಗಿ ಬಿದ್ದವು. ಬಲಗೆನ್ನೆ ಇಳಿಯಿತು, ಎಡಗೆನ್ನೆ ಇಳಿಯಿತು. ಮೇಜಿನ ಮೇಲೆ ಜೋಳದ ಸಣ್ಣದೊಂದು ರಾಶಿ.

ಅತ್ತೆ ದೀಪ ಬಿಟ್ಟು ಓಡಿ ಬಂದರು. "ಅಯ್ಯ! ಇದು ಕೌದಿ ಹೊಟ್ಟ್ಯಾಗಿನ ಜ್ವಾಳ!"

ಆಗ ನನಗೆ ನೆನಪಾಯಿತು. ಕೌದಿ ಬರೀ ಹೊಟ್ಟೆಯಲ್ಲಿ ಇರಬಾರದೆಂದು ಕೊನೆಯ ಹೊಲಿಗೆ ಹಾಕುವ ಮುಂಚೆ ಒಳಗೆ ಒಂದಿಷ್ಟು ಜೋಳ ತುಂಬುವುದು ಅತ್ತೆಯ ತವರಿನ ಪದ್ಧತಿ. ನನ್ನ ಮದುವೆಯ ಕೌದಿಯಲ್ಲೂ ತುಂಬಿದ್ದರು. ಬಾದಶಾ ಕೌದಿ ಹರಿದು ಅದರ ಹೊಟ್ಟೆಯದನ್ನು ತನ್ನ ಕೆನ್ನೆಗೆ ಸಾಗಿಸಿದ್ದ. ಈ ಜಾತಿಗೆ ಕೆನ್ನೆಯೇ ಉಗ್ರಾಣವಂತೆ. ಮಗಳು ಮೊಬೈಲು ನೋಡಿ ಓದಿ ಹೇಳಿದಳು, ಎಲ್ಲರೆದುರಿಗೆ, ಗಟ್ಟಿಯಾಗಿ.

ನೆರೆಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ನಾನು ಸೂಜಿ ಮುಚ್ಚಿಟ್ಟು, ಕೈಗವಸು ಕಳಚಿ, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತೆ. ಮಗಳಿಗೆ ಮುಖ ತೋರಿಸಲು ನಾಚಿಕೆ.

ಹೊರಗೆ ಬಂದಾಗ ಅವಳು ಬೆರಳು ತುಟಿಗಿಟ್ಟು ಕರೆದಳು. ಮೇಜಿನ ಮೇಲೆ ಬಾದಶಾ ನನ್ನ ಮೂರೂ ಚೀಟಿಗಳನ್ನು ಸಣ್ಣ ಸಣ್ಣ ಎಳೆ ಮಾಡಿ ಹರಿದು, ಸುತ್ತ ರಾಶಿ ಮಾಡಿಕೊಂಡು, ನಡುವೆ ಸುರುಳಿಯಾಗಿ ಮಲಗಿದ್ದ. ಅಷ್ಟುದ್ದ ಕೂದಲಿಗೆ ಒಂದು ಎಳೆಯೂ ಸಿಕ್ಕಿರಲಿಲ್ಲ. 'ಗಂಭೀರ' ಎಂಬ ಅಕ್ಷರಗಳ ಮೇಲೆ ಗಲ್ಲ ಇಟ್ಟು ಗೊರಕೆ ಹೊಡೆಯುವುದೊಂದು ಬಾಕಿ.

ಮಗಳು ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು: "ನಾ ಹೇಳಿದ್ದಿಲ್ಲೇನಮ್ಮಾ, ನೀ ಚೀಟಿ ಬರದ್ರ ಎಂಥಾದ್ದಕ್ಕೂ ಆರಾಮ್ ಆಗ್ತದ ಅಂತ. ಇನ್ನೊಂದು ನಾಲ್ಕು ಬರಿ, ಕೆಳಗ ಸ್ವಲ್ಪ ದಪ್ಪ ಆಗ್ಲಿ."